ಮಾಯಾಳ ಉಡಿಗೆ ಬಿದ್ದ ಅಕ್ಕಿ

ನಾರಾಯಣಖೇಡದ ಹಾಸ್ಟೆಲಿನಲ್ಲಿ, ಹದಿನಾರರ ವಯಸ್ಸಿನಲ್ಲಿ, ಪ್ರೇಮಲಾ ಮತ್ತು ಮಾಯಾ ಕೈಮೇಲೆ ಕೈಯಿಟ್ಟು ಮಾತು ಕೊಟ್ಟುಕೊಂಡಿದ್ದರು: ನಮ್ಮಿಬ್ಬರ ನಡುವೆ ಗಂಡಸು ಬಂದರೆ, ಇಬ್ಬರೂ ಅವನನ್ನು ಬಿಡಬೇಕು.

ಈಗ ಜಹೀರಾಬಾದಿನಲ್ಲಿ ಇಬ್ಬರಿಗೂ ನೌಕರಿ. ಒಂದೇ ಫ್ಲ್ಯಾಟು, ಒಂದೇ ಅಲ್ಮಾರಿ. ಯಾರ ಸೀರೆ ಯಾರು ಬೇಕಾದರೂ ಉಡಬಹುದು.

ಆ ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಪ್ರೇಮಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಒಳಗೆ ಮಾಯಾ ಚಾಪೆಯ ಮೇಲೆ ಸೆರಗೊಡ್ಡಿ ಕೂತಿದ್ದಾಳೆ. ಉಟ್ಟಿರುವುದು ಪ್ರೇಮಲಾಳ ಹಸಿರು ಸೀರೆ. ಅವಳ ಉಡಿಗೆ ಅಕ್ಕಿ, ಕೊಬ್ಬರಿ, ರವಿಕೆಯ ಖಣ ಹಾಕುತ್ತಿರುವವರು... ತಾಂಡೂರಿನ ಸುಗಲಾಬಾಯಿ. ತಾನು ಗುಟ್ಟಾಗಿ ಪ್ರೀತಿಸುತ್ತಿರುವ ಸಂಜೀವಕುಮಾರನ ತಾಯಿ! ಫೋಟೊದಲ್ಲಷ್ಟೇ ನೋಡಿದ್ದ ಮುಖ.

ಅದು ಸೊಸೆಯೆಂದು ಒಪ್ಪಿ ತುಂಬುವ ಉಡಿ.

'ಸಂಜೀವ ಮಾಯಾಳನ್ನ...? ಇಲ್ಲ, ಇಲ್ಲ!'

"ನಾ ಆರಿಸಿ ಕಳಿಸಿದ ಸೀರಿ ಎಷ್ಟು ಚಂದ ಒಪ್ಪ್ಯಾದವ್ವಾ ನಿನಗ!" ಸುಗಲಾಬಾಯಿ ಮಾಯಾಳ ಗಲ್ಲ ಸವರಿದರು.

ಎಡವಟ್ಟು ಎಲ್ಲಾಯಿತೆಂದು ಪ್ರೇಮಲಾಳಿಗೆ ಈಗ ತಿಳಿಯಿತು. ಆ ಸೀರೆ ಸಂಜೀವನ ಕೈಯಿಂದ ಬಂದಾಗ 'ನಮ್ಮ ಚಿಕ್ಕಮ್ಮ ಕಳಿಸ್ಯಾಳ' ಎಂದು ಮಾಯಾಳಿಗೆ ಸುಳ್ಳು ಹೇಳಿದ್ದಳು. ವರ್ಷದ ಪ್ರೀತಿಯನ್ನೇ ಮುಚ್ಚಿಟ್ಟವಳಿಗೆ ಸೀರೆ ಮುಚ್ಚಿಡುವುದು ಕಷ್ಟವೇ?

"ಬಂದ್ಯಾ ಪ್ರೇಮಿ!" ಮಾಯಾ ನಕ್ಕಳು. "ನಿಮ್ಮ ಚಿಕ್ಕಮ್ಮಗ ನಿನಗಿಂತ ನನ್ನ ಮ್ಯಾಲೇ ಜೀವ ನೋಡು. ಬಂದವರೇ ಉಡಿ ತುಂಬಾಕ ಕೂತಾರ!"

"ಯಾವ ಚಿಕ್ಕಮ್ಮ? ನಾ ಸಂಜೀವನ ಅವ್ವ," ಸುಗಲಾಬಾಯಿ ಗಾಬರಿಯಾದರು.

"ಯಾವ ಸಂಜೀವರೀ?"

ಅಷ್ಟರಲ್ಲಿ, ತಾಯಿಯನ್ನು ಮೇಲೆ ಕಳಿಸಿ ಪೇಡೆ ತರಲು ಹೋಗಿದ್ದ ಸಂಜೀವ ಮೆಟ್ಟಿಲು ಹತ್ತಿ ಬಂದ. ಮಾಯಾಳ ತುಂಬಿದ ಉಡಿ ಕಂಡು ಅವನ ಮುಖ ಬಿಳುಚಿತು.

"ಅವ್ವಾ... ಆಕಿ ಅಲ್ಲ. ಈಕಿ!"

"ಸೀರಿ ನೋಡಿ ಗುರುತು ಹಿಡದೆನಪ್ಪಾ... ತುಂಬಿದ ಉಡಿ ಹೊಳ್ಳಿ ಕೇಳಾಕ ಬರ್ತದೇನು?"

ಮಾಯಾ ಸೆರಗು ಬಿಗಿಹಿಡಿದು ಎದ್ದಳು. ಕಣ್ಣು ತುಂಬಿತ್ತು.

"ನನಗೂ ಹೇಳಲಿಲ್ಲಲ್ಲ?"

"ಹೆಂಗ ಹೇಳಲಿ? ನೀ ಹಾಸ್ಟೆಲ್‌ನ ಮಾತು ಎತ್ತತಿದ್ದಿ..."

"ಈಗೂ ಎತ್ತತೀನಿ! ನಡು ಬಂದಾನಲ್ಲ? ಇಬ್ಬರೂ ಬಿಡೂಣು. ಬಿಡತಿಯಾ?"

ಸಂಜೀವ ತಲೆ ತಗ್ಗಿಸಿದ. "ನಿಮ್ಮ ದೋಸ್ತಿ ಕೆಡಸಾಕ ಬಂದಿಲ್ರೀ. ನಡಿ ಅವ್ವಾ."

ಅವನು ಒಂದು ಮೆಟ್ಟಿಲು ಇಳಿದ. ಮತ್ತೊಂದು... 'ಈಗ ಸುಮ್ಮನಿದ್ದರೆ ಹೋದ...'

"ನಿಲ್ರೀ!"

ಪ್ರೇಮಲಾ ಓಡಿ ಹೋಗಿ ಎಲ್ಲರೆದುರೇ ಅವನ ತೋಳು ಹಿಡಿದಳು.

"ಮಾಯಾ, ಬೈ, ಬೇಕಂದ್ರ ಹೊಡಿ... ನಾ ಇವರನ್ನ ಬಿಡಾಂಗಿಲ್ಲ. ನಿನ್ನನ್ನೂ ಬಿಡಾಂಗಿಲ್ಲ!"

ಸುಗಲಾಬಾಯಿ ಮುಂದೆ ಬಂದು ಮಾಯಾಳ ಸೆರಗಿನ ತುದಿಯನ್ನು ಅವಳ ಸೊಂಟಕ್ಕೆ ತಾವೇ ಸಿಕ್ಕಿಸಿದರು.

"ಉಡಿ ಸೊಸಿಗಷ್ಟೇ ಏನವ್ವಾ? ತವರಿಗೆ ಬಂದ ಮಗಳಿಗೂ ತುಂಬತೀವಿ. ನನಗ ಹೆಣ್ಣು ಮಗಳಿಲ್ಲ. ಇವತ್ತಿಂದ ನೀನೇ."

ಮಾಯಾ ಅಳುತ್ತಲೇ ನಕ್ಕಳು. "ಅಂದ್ರ ನಾ ನಾದಿನಿ! ತಡಿ ವೈನಿ, ನಾದಿನಿ ಕಾಟ ಹೆಂಗಿರ್ತದ ತೋರಸ್ತೀನಿ. ಸುಳ್ಳಬುರಕಿ!"

"ತೋರಸು," ಎಂದು ಪ್ರೇಮಲಾ ಅವಳನ್ನು ತಬ್ಬಿಕೊಂಡಳು.

ಸಂಜೀವ ಮೆಲ್ಲಗೆ ಕೇಳಿದ, "ಖರೇನ ಬಿಡಾಂಗಿಲ್ಲ?"

"ಇಲ್ರೀ... ಖರೇನ."

ಹಾಸ್ಟೆಲಿನಲ್ಲಿ ಕೊಟ್ಟ ಮಾತನ್ನು ಪ್ರೇಮಲಾ ಮುರಿದಳು.