ಎರಡು ಸಲ ಬಿದ್ದ ವಿಕೆಟ್

ಸೋಮವಾರ ಬೆಳಿಗ್ಗೆ ಮಳವಳ್ಳಿಯ ತನ್ನ ಮೊಬೈಲ್ ರಿಪೇರಿ ಅಂಗಡಿಯ ಶಟರ್ ಎತ್ತುತ್ತಿದ್ದ ಜಯಪ್ರಕಾಶನಿಗೆ ಮಹಡಿ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿರುವುದು ಕಂಡಿತು. ಸೆರಗು ಬಿಗಿದು, ಹುಬ್ಬು ಗಂಟಿಕ್ಕಿ, ಜಗಳಕ್ಕೇ ಬಂದವರಂತೆ ಕೂತಿದ್ದರು.

"ಟೆಲಿಪೋನ್ ಮೇಡಮ್ಮೋರು ಇಲ್ಲೇನಪ್ಪಾ ಇರಾದು?"

ಹೀಗೆ ಕೇಳಿಕೊಂಡು ಬರುವವರು ರಿಪೇರಿಯ ಗಿರಾಕಿಗಳಲ್ಲವೆಂಬುದು ಜಯಪ್ರಕಾಶನಿಗೆ ಎಂಟು ವರ್ಷದ ಪಾಠ. ಮಹಡಿಯ ಮೇಲಿದ್ದ ಅರುಂಧತಿ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾರ ಮನೆಯಲ್ಲಿ ಏನೇ ಕಳವಾಗಲಿ, ಯಾರ ಮೇಲೆ ಸುಳ್ಳು ಅಪವಾದ ಬರಲಿ, ಕಡೆಗೆ ಅವರ ಬಾಗಿಲಿಗೇ ಬರುತ್ತಿತ್ತು. ಹೋಗಿಬರುವ ಬೈಕು ಜಯಪ್ರಕಾಶನದು, ಬುದ್ಧಿ ಅವರದು. ಈ ಪಾಲುದಾರಿಕೆಯಲ್ಲಿ ಅವನಿಗೇನೂ ಬೇಸರವಿರಲಿಲ್ಲ.

ಬಂದ ಹೆಂಗಸು ಸೋಮಮ್ಮ. ಬೆಳಕವಾಡಿಯ ಆಚೆ, ಶಿವನಸಮುದ್ರದ ರಸ್ತೆಯಿಂದ ಒಳಕ್ಕಿರುವ ಕಲ್ಲುಕೊಪ್ಪಲಿನವರು. ಗಂಡ ಮರಿಸಿದ್ದಯ್ಯ ಆ ಊರಿನ ನೀರುಗಂಟಿ. ಟ್ಯಾಂಕಿಗೆ ನೀರು ಹತ್ತಿಸಿ ಬೀದಿ ಬೀದಿಗೆ ಬಿಡುವುದು ಅವರ ಕೆಲಸ. ಮಹಡಿ ಹತ್ತಿ ಅರುಂಧತಿಯ ಎದುರು ಕೂತವರೇ ಸೋಮಮ್ಮ ಶುರುಮಾಡಿದರು.

"ಅದಿನೆಂಟು ವರ್ಸ ಊರಿಗೆ ನೀರು ಬುಟ್ಟವ್ರೆ ಕಣಕ್ಕ. ನೆನ್ನೆ ನಿಂತ ಮೆಟ್ನಲ್ಲಿ ಮನೆಮುರುಕ ಅಂದ್ಬುಟ್ರು. ಇವತ್ತು ಸಂಜೆ ಆರ್ಗಂಟೆಗೆ ಊರೋರೆಲ್ಲಾ ಸೇರಿ ಕೆಲಸದಿಂದ ತೆಗೀತಾರಂತೆ. ಈವಪ್ಪ ನೋಡುದ್ರೆ ಬಾಯೇ ಬುಡ್ತಿಲ್ಲ, ಗ್ವಾಡೆ ನೋಡ್ಕಂಡು ಕೂತವ್ನೆ!"

"ಅಳೋದು ಬಿಟ್ಟು ಬೈಯ್ತಾ ಇದ್ದೀರಲ್ಲ, ಒಳ್ಳೇದಾಯ್ತು. ಬೈಯ್ಯೋರು ಏನನ್ನೂ ಮರೆಯೋಲ್ಲ. ಮೊದಲಿಂದ ಹೇಳಿ," ಎಂದರು ಅರುಂಧತಿ.

ಸೋಮಮ್ಮ ಹೇಳಿದ್ದಿಷ್ಟು. ಮೂರು ತಿಂಗಳ ಹಿಂದೆ ಊರಿಗೆ 'ಗಾಳಿ ಟೀವಿ' ಬಂದಿತ್ತು. ಯಾವುದೋ ಸಂಸ್ಥೆಯವರು ಪರೀಕ್ಷೆಗೆಂದು ಇಪ್ಪತ್ತು ಮನೆಗಳಿಗೆ ಮೊಬೈಲಿನಂಥ ಸೆಟ್ಟು ಕೊಟ್ಟಿದ್ದರು. ಅದಕ್ಕೆ ಸಿಮ್ ಬೇಡ, ನೆಟ್ ಬೇಡ, ರೀಚಾರ್ಜ್ ಬೇಡ. ರೇಡಿಯೋಕ್ಕೆ ಬಂದಂತೆ ಚಿತ್ರ ಗಾಳಿಯಲ್ಲೇ ಬರುತ್ತದೆ. ದೂರದ ಟವರಿನಿಂದ ಬಂದದ್ದನ್ನು ಊರಿಗೆ ಹಂಚಲು ನೀರಿನ ಟ್ಯಾಂಕಿನ ತಲೆಯ ಮೇಲೊಂದು ಆಂಟೆನಾ, ಬುಡದ ವಾಲ್ವ್ ರೂಮಿನಲ್ಲಿ ಅದರ ಪೆಟ್ಟಿಗೆ. ಸೆಟ್ಟುಗಳಲ್ಲಿ ಹೆಚ್ಚಿನವು ಕೂಲಿಯವರೇ ಇರುವ ಕೆಳಗಿನ ಬೀದಿಗೆ ಸಿಕ್ಕಿದ್ದವು; ಸೋಮಮ್ಮನ ಮನೆಯೂ ಅಲ್ಲೇ, ಅವರಿಗೂ ಒಂದು ಬಂದಿತ್ತು.

ಭಾನುವಾರ ಮಧ್ಯಾಹ್ನ ಭಾರತದ ಕ್ರಿಕೆಟ್ ಪಂದ್ಯ. ಕೆಳಗಿನ ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ಸೆಟ್ಟು ಹಿಡಿದು ಕೂತಿದ್ದಾಗ, ಎದುರಾಳಿ ಕ್ಯಾಪ್ಟನ್ ಔಟಾದ ಕ್ಷಣದಲ್ಲೇ ಎಲ್ಲ ಸೆಟ್ಟುಗಳೂ ಒಟ್ಟಿಗೇ ಕಪ್ಪಾದವು. ಓಡಿ ಹೋಗಿ ನೋಡಿದರೆ ವಾಲ್ವ್ ರೂಮಿನೊಳಗೆ ಆಂಟೆನಾದ ತಂತಿ ತುಂಡಾಗಿತ್ತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅದರ ಬೀಗದ ಕೈ ಇರುವುದು ಒಂದೇ, ಮರಿಸಿದ್ದಯ್ಯನ ಉಡಿದಾರದಲ್ಲಿ. ಸಾಲದ್ದಕ್ಕೆ ಸಂಸ್ಥೆಯವರು ಗಳಿಗೆಗೊಮ್ಮೆ ಬಾಗಿಲು ತೆಗೆಸುತ್ತಾರೆಂದು ರೇಗಿ, "ಈ ತಂತಿ ಒಂದಿನ ಕಿತ್ತಾಕ್ಬುಡ್ತೀನಿ" ಎಂದು ಹಿಂದಿನ ವಾರವಷ್ಟೇ ಅವರು ಕೂಗಾಡಿದ್ದರು.

"ಅಷ್ಟೊತ್ನಲ್ಲಿ ನಿಮ್ಮ ಯಜಮಾನರು ಎಲ್ಲಿದ್ರು?"

"ಊರಾಚೆ ಪೈಪು ಒಡ್ದಿತ್ತು, ಕಟ್ಟಕ್ಕೋಗಿದ್ರು. ನೋಡ್ದೋರು ಯಾರೂ ಇಲ್ಲ. ಎಲ್ಲಾ ಆಟದ ಮುಂದೆ ಕುಕ್ಕರಿಸಿದ್ರಲ್ಲ!"

ಅರುಂಧತಿ ಎದ್ದು ಚಪ್ಪಲಿ ಮೆಟ್ಟಿದರು. "ಪ್ರಕಾಶಾ, ಶಟರ್ ಇಳಿಸು."

*

ಕಲ್ಲುಕೊಪ್ಪಲಿನ ಟ್ಯಾಂಕು ಊರ ನಡುವೆ ನಿಂತಿತ್ತು. ರಸ್ತೆಯ ಎದುರಿಗೆ ಮಾದಯ್ಯನ ಟೀ ಅಂಗಡಿ, ಪಕ್ಕದಲ್ಲಿ ಒಂದು ಹಳೆಯ ಮನೆಯ ಜಗಲಿ. ಅಲ್ಲಿಂದ ಮುಂದೆ ಮೂರು ನಿಮಿಷದ ಇಳಿಜಾರು ಮುಗಿದ ಮೇಲೆ ಕೆಳಗಿನ ಬೀದಿ. ವಾಲ್ವ್ ರೂಮಿನ ಬಾಗಿಲು ಟ್ಯಾಂಕಿನ ಹಿಂಬದಿಗಿದ್ದು, ಕಬ್ಬಿನ ಗದ್ದೆಯತ್ತ ಮುಖ ಮಾಡಿತ್ತು. ಹಲಗೆಯ ಬಾಗಿಲಲ್ಲ, ಕಂಬಿಯ ಬಾಗಿಲು.

ಅರುಂಧತಿ ಬೀಗವನ್ನು ಮುಟ್ಟಲೂ ಇಲ್ಲ. ಬಳೆಯನ್ನು ಮೊಣಕೈವರೆಗೆ ಸರಿಸಿ, ಕಂಬಿಗಳ ನಡುವೆ ತೋಳು ತೂರಿಸಿದರು. ಬೆರಳು ಸರಾಗವಾಗಿ ತಂತಿಯ ತುಂಡು ತುದಿಗೆ ತಾಗಿತು.

"ನೀನು ನೋಡು ಪ್ರಕಾಶಾ, ಇದು ನಿನ್ನ ವಿದ್ಯೆ. ಹೇಗೆ ಕತ್ತರಿಸಿದ್ದಾರೆ?"

ಜಯಪ್ರಕಾಶ ಬಗ್ಗಿ ನೋಡಿದ. ಹೊರಗಿನ ಕಪ್ಪು ಸಿಪ್ಪೆ, ಒಳಗಿನ ಜಾಲರಿ, ನಡುವಿನ ತಾಮ್ರ, ಮೂರೂ ಒಂದೇ ಮಟ್ಟಕ್ಕೆ ತುಂಡಾಗಿದ್ದವು. "ಕುಡುಗೋಲಲ್ಲಿ ಆದ್ರೆ ಜಾಲರಿ ಕಿತ್ತು ಎಳೆ ಎಳೆ ಆಗಿರೋದು ಮೇಡಂ. ಇದು ಕೇಬಲ್ ಕಟರ್ ಕೆಲಸ. ಒಂದೇ ಏಟು."

ಟೀ ಅಂಗಡಿಯ ಮಾದಯ್ಯ ಪಂಚಾಯಿತಿಯ ಮೆಂಬರೂ ಹೌದು. ಮರಿಸಿದ್ದಯ್ಯನನ್ನು ಮನೆಮುರುಕ ಎಂದು ಮೊದಲು ಕೂಗಿದ್ದೇ ಅವರು. ಅಂಗಡಿಯಲ್ಲಿ ಗೋಡೆಯಗಲದ ಟೀವಿಯಿತ್ತು. ಅದಕ್ಕೆ ಚಿತ್ರ ನೆಟ್‌ನಿಂದ ಬರುತ್ತಿತ್ತು.

"ಬನ್ನಿ ಮೇಡಮ್ಮೋರೆ, ಕೂತ್ಕಳಿ. ನ್ಯಾಯ ಏನಿದ್ರೂ ಅದು ತೀರ್ಮಾನ ಆಗೋಯ್ತು," ಎಂದರು ಮಾದಯ್ಯ.

"ತೀರ್ಮಾನ ಆಗಿದ್ರೆ ಸಂಜೆ ಆರು ಗಂಟೆ ಯಾಕೆ ಮಾದಯ್ಯನೋರೆ? ಕ್ಯಾಪ್ಟನ್ ಔಟಾದಾಗ ಇಲ್ಲಿ ಯಾರ್ಯಾರಿದ್ರು?"

"ಹತ್ತನ್ನೆರಡು ಜನ. ಕರಿಯಯ್ಯ ಬೆಳಿಗ್ಗೆಯಿಂದ್ಲೂ ಬೇರು ಬುಟ್ಕಂಡಿದ್ದ. ಕೇಬಲ್ ಮಹದೇವು ಸರಿಯಾಗಿ ಔಟಾಗೋ ಹೊತ್ಗೇ ಬಂದ. ಅವನ ನಾಲ್ಗೆ ಮೇಲೆ ಮಚ್ಚೆ ಐತೆ ಕಣಮ್ಮ! ಬಂದವ್ನೇ, 'ನೋಡ್ರಲಾ, ಈಗ ಎತ್ತಿ ಹೊಡೀತಾನೆ, ಬೌಂಡ್ರಿ ಗೆರೆ ತಾವ್ಲೇ ಕ್ಯಾಚು' ಅಂದ. ಅಂಗೇ ಆಯ್ತು! ಎಗರಾಡಿದ್ರಲ್ಲಿ ನನ್ನ ಮೂರು ಗ್ಲಾಸ್ ಟೀ ಚೆಲ್ಲೋಯ್ತು."

ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ಕರಿಯಯ್ಯ ಗೊಣಗಿದ. "ನಂಗೂ ಒಂದು ಗಾಳಿ ಟೀವಿ ಸೆಟ್ಟು ಕೊಟ್ಟಿದ್ರು. ಚಿತ್ರ ಬತ್ತದೆ, ಸಬ್ದ ಇಲ್ಲ. ಶುಕ್ರವಾರ ರಿಪೇರಿಗೆ ಅಂತ ಕೇಬಲ್ ಮಾದೇವನ ಅಂಗಡೀಲಿ ಮಡಗಿ ಬಂದೆ. ಇನ್ನೂ ಕೊಟ್ಟಿಲ್ಲ ಮುಂಡೇಮಗ."

"ಮರಿಸಿದ್ದಯ್ಯನ ಮೇಲೆ ನಿಮಗೇನೂ ಸಿಟ್ಟಿಲ್ವಾ?"

"ಅದೆ! ನಮ್ಮ ಮನೆ ನಲ್ಲೀಗೆ ನೀರು ನೂಲಿನಂಗೆ ಬುಡ್ತಾನೆ. ಆದ್ರೆ ತಂತಿ ಕೊಯ್ಯೋ ದೈರ್ಯ ಅವ್ನಿಗೆಲ್ಲಿ ಬತ್ತದೆ?"

ಮಹದೇವು ಅಷ್ಟರಲ್ಲಿ ಬೈಕಿನಲ್ಲಿ ಬಂದ. ಊರಿಗೆಲ್ಲ ಕೇಬಲ್ಲು, ನೆಟ್ಟು ಎಳೆದು ಕೊಡುವವನು ಅವನೇ. ಅಂಗಡಿ, ಮನೆ ಎರಡೂ ಊರಿನ ಆ ತುದಿಗೆ, ಹತ್ತು ನಿಮಿಷದ ದಾರಿ. ನಗುಮುಖದ ಮಾತುಗಾರ. ಕರಿಯಯ್ಯನ ಸೆಟ್ಟಿನ ಬಗ್ಗೆಯೂ ತಂತಿಯ ಬಗ್ಗೆಯೂ ಅರುಂಧತಿ ಅವನನ್ನು ಕೇಳಿದರು.

"ನಾನಾ? ಆ ಡಬ್ಬನ ನಾ ಕಣ್ಣೆತ್ತೂ ನೋಡಿಲ್ಲ ಮೇಡಂ. ಕರಿಯಯ್ಯ ಟೇಬಲ್ ಮೇಲೆ ಮಡಗಿದ್ದು ಅಲ್ಲೇ ಬಿದ್ದದೆ. ಕ್ಯಾಪ್ಟನ್ ಔಟಾದಾಗ ತಂತಿ ಕುಯ್ದವ್ರೆ; ಕ್ಯಾಪ್ಟನ್ ಔಟಾದಾಗ ನಾನಿಲ್ಲಿದ್ದೆ. ಕೇಳಿ ಬೇಕಾರೆ."

"ಹೌದು ಹೌದು, ಇಲ್ಲೇ ಇದ್ದ," ಎಂದು ಅಂಗಡಿಗೆ ಅಂಗಡಿಯೇ ಸಾಕ್ಷಿ ಹೇಳಿತು.

ಜಯಪ್ರಕಾಶನಿಗೆ ಸಪ್ಪೆಯಾಯಿತು. ಕಟರ್ ಇಟ್ಟುಕೊಂಡವನು ಊರಲ್ಲಿ ಒಬ್ಬನೇ, ಆದರೆ ಅವನು ಹನ್ನೆರಡು ಜನರ ಕಣ್ಣೆದುರಿಗಿದ್ದ. ಅರುಂಧತಿಯ ಮುಖದಲ್ಲಿ ಮಾತ್ರ ಊಟಕ್ಕೆ ಕೂತವರ ಸಮಾಧಾನವಿತ್ತು. ಅವರು ನೇರವಾಗಿ ಪಕ್ಕದ ಜಗಲಿಗೆ ಹೋಗಿ ಕೂತರು.

ಜಗಲಿಯ ಒಡತಿ ಅಂಕಮ್ಮ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಹಗಲೆಲ್ಲ ಅಲ್ಲೇ ಒಬ್ಬರೇ ಕೂತು ಎಲೆಯಡಿಕೆ ಮೆಲ್ಲುವುದು ಅವರ ಕಾಯಕ.

"ನೆನ್ನೆ ಬೋ ಗದ್ದಲ ಏನಜ್ಜಿ?" ಅರುಂಧತಿ ಕೇಳಿದರು.

"ಅಯ್ಯೋ, ಅದೇನು ಆಟವೋ ಕಣವ್ವ! ಒಬ್ನೇ ಎಲ್ಡೆಲ್ಡು ಸಲ ಔಟಾಯ್ತಾನೆ."

"ಅದೆಂಗಜ್ಜಿ?"

"ಮೊದ್ಲು ಕೆಳಗ್ಲ ಬೀದಿಯೋರು ಓ ಅಂತವ್ರೆ. ನಾನು ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಾಕ್ಕಳೋ ಹೊತ್ಗೆ ಮಾದಯ್ಯನ ಅಂಗ್ಡಿಯೋರು ಓ ಅಂತವ್ರೆ. ದಿನಾ ಇಂಗೇಯ."

ಅರುಂಧತಿ ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಜಯಪ್ರಕಾಶನನ್ನು ಟ್ಯಾಂಕಿನ ಹಿಂದಕ್ಕೆ ಕಳಿಸಿ, ಚಪ್ಪಾಳೆ ತಟ್ಟಿದಾಗ ಮಾದಯ್ಯನ ಅಂಗಡಿಗೆ ನಡೆದು ಬರಲು ಹೇಳಿದರು. ಓಡಬಾರದು, ಸಾಮಾನ್ಯ ನಡಿಗೆ. ಇಪ್ಪತ್ತೆಂಟು ಸೆಕೆಂಡು ಹಿಡಿಯಿತು.

"ಸಂಜೆಯೊಳಗೆ ಆ ತಂತಿ ಜೋಡಿಸ್ತೀಯಾ ಪ್ರಕಾಶಾ? ಸಂಸ್ಥೆಯೋರಿಗೆ ಫೋನು ಮಾಡಿ ಒಪ್ಪಿಗೆ ಕೇಳ್ತೀನಿ."

*

ಆರಕ್ಕೆ ಐದು ನಿಮಿಷವಿದ್ದಾಗ ಮಾದಯ್ಯನ ಅಂಗಡಿಯ ಒಳಗೂ ಹೊರಗೂ ಕಾಲಿಡಲು ಜಾಗವಿರಲಿಲ್ಲ. ಮರಿಸಿದ್ದಯ್ಯ ಕಂಬಕ್ಕೊರಗಿ ನೆಲ ನೋಡುತ್ತ ನಿಂತಿದ್ದರು; ಪಕ್ಕದಲ್ಲಿ ಸೋಮಮ್ಮ ಎಲ್ಲರ ಮುಖವನ್ನೂ ನೆಟ್ಟಗೆ ನೋಡುತ್ತಿದ್ದರು. ಮಹದೇವು ಟೀವಿಯ ಕೆಳಗೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ.

"ಮೊದಲು ಬೀಗದ ವಿಷಯ," ಎಂದರು ಅರುಂಧತಿ. "ಬೀಗ ಮುರಿದಿಲ್ಲ, ಆದ್ದರಿಂದ ಬೀಗದ ಕೈ ಇದ್ದವನೇ ಮಾಡಿದ್ದು ಅಂದ್ರಿ. ನನಗೆ ಅರವತ್ತೈದು ವರ್ಷ, ಕೈತುಂಬ ಬಳೆ. ನಾನೇ ಕಂಬಿಯೊಳಗೆ ತೋಳು ತೂರಿಸಿ ತಂತಿ ಮುಟ್ಟಿದೆ. ಒಳಗೆ ಹೋಗೋ ಅಗತ್ಯವೇ ಇರಲಿಲ್ಲ. ಮರಿಸಿದ್ದಯ್ಯನೋರು ಮಾಡಿದ್ರೆ ಬಾಗಿಲು ತೆಗೆದು ಕುಡುಗೋಲಲ್ಲಿ ಕೊಯ್ದಿರೋರು. ಇದು ಕೇಬಲ್ ಕಟರ್‌ನಲ್ಲಿ ಆದ ಕೆಲಸ."

ಎಲ್ಲರೂ ಮಹದೇವುವಿನತ್ತ ತಿರುಗಿದರು. ಅವನು ನಕ್ಕ. "ನಾನಿಲ್ಲಿದ್ದೆ ಅಂತ ನೀವೇ ಯೋಳಿದ್ರಲ್ಲಾ! ಎಲ್ಡು ಕಡೆ ಇರಕ್ಕೆ ನಾನೇನು ದೇವ್ರಾ?"

"ಇಲ್ಲಪ್ಪ, ನೀನು ಎರಡು ಕಡೆ ಇರಲಿಲ್ಲ. ವಿಕೆಟ್ಟೇ ಎರಡು ಸಲ ಬಿತ್ತು. ಸೋಮಮ್ಮಾ, ನಿಮ್ಮ ಸೆಟ್ಟು ಹಚ್ಚಿ. ಮಾದಯ್ಯನೋರೆ, ನಿಮ್ಮ ಟೀವೀಲೂ ಅದೇ ಚಾನಲ್ ಇರಲಿ. ಆರರ ವಾರ್ತೆ."

ಸೋಮಮ್ಮ ಸೆಟ್ಟನ್ನು ಎತ್ತಿ ಹಿಡಿದರು. ಜಯಪ್ರಕಾಶ ಜೋಡಿಸಿದ ತಂತಿ ಕೆಲಸ ಮಾಡಿತು; ಚಿತ್ರ ಬಂತು. ವಾರ್ತೆ ಓದುವ ಹುಡುಗಿ ಕೈಮುಗಿದು ನಮಸ್ಕಾರ ಎಂದಳು. ಗೋಡೆಯ ದೊಡ್ಡ ಟೀವಿಯಲ್ಲಿ ಇನ್ನೂ ಸೋಪಿನ ಜಾಹೀರಾತು ಓಡುತ್ತಿತ್ತು.

"ಎಣಿಸು ಪ್ರಕಾಶಾ."

ಅವನು ಗಟ್ಟಿಯಾಗಿ ಎಣಿಸಿದ. ಇಪ್ಪತ್ತಕ್ಕೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತಕ್ಕೆ ಮಹದೇವು ಮೇಲೆ ಹಾಕಿದ್ದ ಕಾಲನ್ನು ಕೆಳಗಿಳಿಸಿದ. ಐವತ್ತೆರಡಕ್ಕೆ ಅದೇ ಹುಡುಗಿ ಅದೇ ಸೀರೆಯಲ್ಲಿ ಗೋಡೆಯ ಮೇಲೆ ಕೈಮುಗಿದಳು.

"ಗಾಳೀಲಿ ಬರೋದು ನೇರ ಬರುತ್ತೆ. ನೆಟ್‌ನಲ್ಲಿ ಬರೋದು ಎಲ್ಲೆಲ್ಲೋ ತಂಗಿ, ಕೂಡಿಟ್ಟುಕೊಂಡು ಬರುತ್ತೆ, ತಡ. ಇದನ್ನ ಕಿವಿಯಲ್ಲೇ ಕಂಡುಹಿಡಿದೋರು ಅಂಕಮ್ಮಜ್ಜಿ. ಕೆಳಗಿನ ಬೀದಿಗೆ ವಿಕೆಟ್ ಬಿದ್ದ ಕ್ಷಣ ತಂತಿ ತುಂಡಾಯ್ತು. ಅದೇ ವಿಕೆಟ್ ಈ ಅಂಗಡೀಲಿ ಬಿದ್ದಿದ್ದು ಹೆಚ್ಚುಕಮ್ಮಿ ಒಂದು ನಿಮಿಷ ಕಳೆದ ಮೇಲೆ. ಟ್ಯಾಂಕಿನಿಂದ ಇಲ್ಲಿಗೆ ಇಪ್ಪತ್ತೆಂಟು ಸೆಕೆಂಡಿನ ದಾರಿ."

"ಬರಬೋದು ಅಂದ್ರೆ ಬಂದೆ ಅಂತನಾ?" ಮಹದೇವುವಿನ ದನಿ ಏರಿತು. "ಮನೆಯಿಂದ ಬಂದೆ ನಾನು!"

"ಹಾಗಾದ್ರೆ ಗೆರೆ ಹತ್ತಿರ ಕ್ಯಾಚು ಅಂತ ಹೇಗಪ್ಪ ಗೊತ್ತಾಯ್ತು? ಕೆಳಗಿನ ಬೀದಿಯ ಕೂಗು ಕೇಳಿ ಔಟು ಅಂತ ಊಹಿಸಬಹುದು. ಎತ್ತಿ ಹೊಡೆದ, ಗೆರೆ ಹತ್ತಿರ ಸಿಕ್ಕಿದ ಅಂತ ಕೂಗು ಹೇಳೋಲ್ಲ. ನೋಡಿದವನಿಗೆ ಮಾತ್ರ ಗೊತ್ತು. ಅಷ್ಟು ಮೊದಲು ನೋಡಬೇಕಾದ್ರೆ ಗಾಳಿ ಟೀವಿ ಸೆಟ್ಟು ಕೈಲಿರಬೇಕು. ನೋಡಿದ ಮೇಲೆ ಒಂದು ನಿಮಿಷದೊಳಗೆ ಇಲ್ಲಿರಬೇಕು. ಆ ದೂರದೊಳಗೆ ಇರೋದು ಅಜ್ಜಿಯ ಜಗಲಿ, ಆ ಟ್ಯಾಂಕು, ಎರಡೇ. ಜಗಲಿ ಮೇಲೆ ಅಜ್ಜಿ ಒಬ್ಬರೇ ಇದ್ರು. ಕರಿಯಯ್ಯನ ಸೆಟ್ಟಿಗೆ ಶಬ್ದ ಇಲ್ಲ. ಅವಿತು ನಿಂತು ನೋಡೋನಿಗೆ ಅದಕ್ಕಿಂತ ಅನುಕೂಲ ಬೇಕಾ? ನೀನು ಸುಮ್ಮನೆ ಟೀ ಕುಡಿದು ಹೋಗಿದ್ರೆ ನನಗೂ ಕಷ್ಟವಾಗ್ತಿತ್ತು. ಎಲ್ಲರಿಗೂ ನೆನಪಿರಲಿ ಅಂತ ಜ್ಯೋತಿಷ್ಯ ಹೇಳಿದೆ ನೋಡು, ಅಲ್ಲಿ ಸಿಕ್ಕಿಬಿದ್ದೆ."

"ನನ್ನ ಸೆಟ್ಟೆಲ್ಲಿ ಮಡಗಿದ್ದೀಯಲಾ?" ಕರಿಯಯ್ಯ ಎದ್ದು ನಿಂತ. ಕಾಯದೆ ಹೋಗಿ ಮಹದೇವುವಿನ ಬೈಕಿನ ಚೀಲಕ್ಕೆ ಕೈ ಹಾಕಿದ. ಸೆಟ್ಟು ಬಂತು, ಅದರ ಜೊತೆಗೆ ಕಟರೂ ಬಂತು.

"ಮನೆ ಮನೆಗೆ ಕಂಬ ಅತ್ತಿ ವೈರ್ ಎಳ್ದೋನು ನಾನು," ಎಂದ ಮಹದೇವು. "ಗಾಳಿ ಟೀವಿ ಬಂದ ಮ್ಯಾಕೆ ಒಬ್ಬೊಬ್ರೇ ನನ್ನ ಕೇಬಲ್ ಬುಟ್ಟೋದ್ರು. ಬೀದೀಲಿ ಓದ್ರೆ ಐಕಳೂ ಆಡ್ಕೊತವೆ, 'ಮಾದೇವಣ್ಣಾ, ಗಾಳಿಗೂ ಬಾಡ್ಗೆ ಆಕ್ತೀಯಾ' ಅಂತ. ತಡೆಯಕ್ಕಾಗ್ನಿಲ್ಲ. ಬೀಗದ ಕೈ ಅವ್ನ ತಾವದೆ, ಅವ್ನ ಮೇಲೆ ಓಯ್ತದೆ ಅಂತ ಗೊತ್ತಿತ್ತು."

"ನೆಟ್ ತಡ ಅಂತ ನನಗೂ ಗೊತ್ತಿತ್ತಲ್ಲ ಮೇಡಂ," ಜಯಪ್ರಕಾಶ ಹಣೆ ಚಚ್ಚಿಕೊಂಡ.

"ನಿನಗೆ ಗೊತ್ತಿತ್ತು, ಅಜ್ಜಿಗೆ ಕೇಳಿಸಿತ್ತು. ನಾನು ಎರಡನ್ನೂ ಒಂದೇ ಲೈನಿಗೆ ಹಾಕ್ದೆ, ಅಷ್ಟೆ."

ಮಾದಯ್ಯ ಗಂಟಲು ಸರಿಮಾಡಿಕೊಂಡರು. "ಮಾದೇವನ್ನ ಏನು ಮಾಡ್ಬೇಕು ಅಂತ ನಾಳೆ ಪಂಚಾಯಿತೀಲಿ ನೋಡನ. ಮರಿಸಿದ್ದಯ್ಯಾ, ನಿನ್ನ ಕೆಲಸ ನಿಂಗೇಯ. ಬೇಜಾರ್ ಮಾಡ್ಕಬೇಡ, ಬುಟ್ಬುಡು."

"ಆಯ್ತು ಬುಡಿ ಸ್ವಾಮಿ," ಎಂದರು ಮರಿಸಿದ್ದಯ್ಯ. ಎರಡು ದಿನದಲ್ಲಿ ಅವರಾಡಿದ ಮೊದಲ ಮಾತು ಅದು.

"ನೀ ಬುಟ್ರೂ ನಾ ಬುಡಕ್ಕಿಲ್ಲ!" ಸೋಮಮ್ಮ ಅಡ್ಡ ಬಂದರು. "ಮನೆಮುರುಕ ಅನ್ನೋವಾಗ ಊರೆಲ್ಲಾ ಕೇಳಂಗೆ ಅಂದ್ರಿ. ಅಲ್ಲ ಅನ್ನೋದ ಅಂಗ್ಡಿಯೊಳಗೆ ಕೂತ್ಕಂಡು ಅಂದ್ರಾಯ್ತದಾ? ಬನ್ನಿ, ನಮ್ಮ ಬೀದೀಗೆ ಬಂದು ಅನ್ನಿ."

ಮಾದಯ್ಯ ಅರುಂಧತಿಯತ್ತ ನೋಡಿದರು. ಅಲ್ಲಿ ಅವರಿಗೆ ಯಾವ ಸಹಾಯವೂ ಸಿಗಲಿಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಇಳಿಜಾರಿನತ್ತ ನಡೆದರು.

ಒಂದೊಂದೇ ಬಾಗಿಲ ಮುಂದೆ ನಿಂತು ಅವರು ಹೇಳುತ್ತ ಹೋದರು. "ತಂತಿ ಕುಯ್ದಿದ್ದು ಮರಿಸಿದ್ದಯ್ಯ ಅಲ್ಲ. ನಾನು ತಪ್ಪು ಯೋಳ್ದೆ." ಎರಡನೇ ಮನೆ, ಮೂರನೇ ಮನೆ, ನಾಲ್ಕನೇ ಮನೆ. ಐದನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವರ ದನಿ ಕುಗ್ಗಿತ್ತು. ಹಿಂದೆಯೇ ಬರುತ್ತಿದ್ದ ಸೋಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದರು:

"ಇನ್ನೂ ವಸಿ ಗಟ್ಟಿಯಾಗಿ ಯೋಳಿ ಸ್ವಾಮಿ. ಈ ಮನೆ ಅವ್ವಂಗೆ ಕಿವಿ ಮಂದ."