ವೆಟ್ ಮಿಟನ್ಸ್‌ಗೆ ಒಂದು ಡಬ್ಬಿ ಪೌಡರ್

ಸೀನು ಬಂದೇ ಬಿಟ್ಟಿತು. ವಿನ್ನಿ ಎರಡೂ ಕೈಯಲ್ಲಿ ಮೂಗು ಅದುಮಿಕೊಂಡಳು. ಆದರೂ "ಪುಸ್ಕ್" ಅಂತ ಸಣ್ಣ ಸದ್ದು ಆಚೆ ಹೋಗೇ ಹೋಯಿತು.

"ಯಾರದು ಅಲ್ಲಿ?"

ಒಡೆಟ್ ದನಿ. ಸ್ಟೇಜಿನ ಮೇಲೆ ಯಾರು ಯಾವಾಗ ಹತ್ತಬೇಕು, ಯಾರು ಇಳಿಯಬೇಕು, ಎಲ್ಲ ಒಡೆಟ್ ಹೇಳಿದ ಹಾಗೆ. ಅವಳಿಗೆ ಬೆನ್ನಲ್ಲೂ ಕಣ್ಣಿದೆ ಅಂತ ಬ್ಯಾಂಡಿನವರೆಲ್ಲ ಮಾತಾಡಿಕೊಳ್ಳುತ್ತಿದ್ದರು.

ವಿನ್ನಿ ಉಸಿರು ಬಿಗಿಹಿಡಿದು ಕೂತಳು. ಅವಳ ತಲೆ ಮೇಲೆ ಒಂದು ದೊಡ್ಡ ಕರಿಬಟ್ಟೆ. ಬಟ್ಟೆ ಹೊದ್ದು ನಿಂತಿದ್ದು ಒಂದು ಡ್ರಮ್ ಸೆಟ್. ಸೆಟ್ಟಿನ ಕೆಳಗೆ ಚಕ್ರ ಇರುವ ಮರದ ಕಟ್ಟೆ. ಅವಳ ಕೈಯಲ್ಲಿ ಅಮ್ಮನ ಪೌಡರ್ ಡಬ್ಬಿ.

ಬೂಟಿನ ಸದ್ದು ದೂರ ಹೋಯಿತು. ವಿನ್ನಿ ಕತ್ತಲಲ್ಲೇ ಕೈಯಾಡಿಸಿ, ಪಕ್ಕದ ದೊಡ್ಡ ಡ್ರಮ್ಮಿನ ಮೇಲೆ ಧಾರಾಳವಾಗಿ ಪೌಡರ್ ಸುರಿದಳು. ಏಟು ಬೀಳುವ ಚರ್ಮ ಎಲ್ಲ ಡ್ರಮ್ಮಿಗೂ ಬಿಳಿ, ಪೌಡರೂ ಬಿಳಿ, ಕಾಣೋದೇ ಇಲ್ಲ. ರೋರ್ಕ್ ಬಂದು ಮೊದಲನೇ ಏಟು ಹಾಕಲಿ, ಆಗ ಗೊತ್ತಾಗತ್ತೆ ಅವನಿಗೆ.

ಸ್ಟೇಜಿನ ಹಿಂದೆ ನಾಲ್ಕು ಬ್ಯಾಂಡಿನ ಡ್ರಮ್ಮುಗಳೂ ಹೀಗೆ ಕರಿಬಟ್ಟೆ ಹೊದ್ದು, ಬಾರಿಸುವ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತಿದ್ದವು. ಮೊದಲನೇದು ಅಮ್ಮನದು. ಮೂರನೇದು ಬ್ಲೂ ಡೈನಮೊ ಬ್ಯಾಂಡಿನ ರೋರ್ಕ್‌ದು. ಬೇಸಿಗೆ ರಜ ಪೂರ್ತಿ ಊರೂರು ಸುತ್ತಿದ್ದರೂ ಆ ಸಾಲು ಒಂದು ದಿನಕ್ಕೂ ಬದಲಾಗಿರಲಿಲ್ಲ. ವಿನ್ನಿ ನುಸುಳಿದ್ದು ಮೂರನೇ ಬಟ್ಟೆಯ ಕೆಳಗೆ.

ಅವಳಿಗೆ ಅಷ್ಟು ಕೋಪ ಯಾಕೆ ಅಂತೀರಾ? ಕೇಳಿ.

ನಾಲ್ಕು ರಾಕ್ ಬ್ಯಾಂಡು ಸೇರಿ ಟೂರ್ ಹೊರಟರೆ ಕೊನೇ ದಿನಕ್ಕೆ ಒಂದು ಪದ್ಧತಿ ಇದೆ. ಆವತ್ತು ಒಬ್ಬರಿಗೊಬ್ಬರು ಪ್ರ್ಯಾಂಕ್ ಮಾಡಲೇಬೇಕು. ಆವತ್ತು ಬೆಳಿಗ್ಗೆ ಎದ್ದಾಗ ಎರಡನೇ ಬ್ಯಾಂಡಿನವರ ಬಸ್ಸಿನ ತುಂಬ ಬಲೂನು, ಕಾಲಿಡೋಕೆ ಜಾಗ ಇಲ್ಲ. ಕೊನೆಗೆ ಬಾರಿಸುವ ದೊಡ್ಡ ಬ್ಯಾಂಡಿನ ಹಾಡುಗಾರನ ಬೂಟಿನ ತುಂಬ ಚೀಸು. ತಿಂಡಿ ತಿನ್ನುವ ಟೆಂಟಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಮ್ಮನ ಬ್ಯಾಂಡಿಗೆ ಮಾತ್ರ ಯಾರೂ ಏನೂ ಮಾಡಿರಲಿಲ್ಲ. ಅಮ್ಮನ ಬ್ಯಾಂಡಿನ ಹೆಸರು ವೆಟ್ ಮಿಟನ್ಸ್, ಅಂದರೆ ಒದ್ದೆ ಕೈಗವಸು. ಚಳಿಗಾಲದಲ್ಲಿ ಮಿಲ್ವಾಕಿಯ ಯಾವ ಮನೆಯ ಹೀಟರ್ ಮೇಲೆ ನೋಡಿದರೂ ಅದೇ ಒಣಗುತ್ತಿರುತ್ತದೆ. ಅಮ್ಮ ಎದ್ದ ಕೂಡಲೇ ತನ್ನ ಶೂ ತಲೆಕೆಳಗು ಮಾಡಿ ತಟ್ಟಿದ್ದನ್ನು ವಿನ್ನಿ ನೋಡಿದ್ದಳು. ಒಳಗಿಂದ ಏನೂ ಬೀಳಲಿಲ್ಲ. ಅಮ್ಮ ಸುಮ್ಮನೆ ಶೂ ಹಾಕಿಕೊಂಡು ಲೇಸ್ ಕಟ್ಟಿದಳು.

ವಿನ್ನಿಗೆ ತಡೆಯಲಾಗದೆ ರೋರ್ಕ್‌ನನ್ನೇ ಕೇಳಿಬಿಟ್ಟಿದ್ದಳು. "ನಮಗೆ ಏನ್ ಮಾಡ್ತೀರಿ?"

ರೋರ್ಕ್ ತಾಳೆಮರದಷ್ಟು ಉದ್ದ. ಅವನು ಅತ್ತ ಇತ್ತ ನೋಡಿ, "ನಿಮಗಾ? ನಿಮಗೆ ಏನೂ ಇಲ್ಲ ಪುಟ್ಟಿ. ಹೋಗು, ಜ್ಯೂಸ್ ಕುಡಿ" ಅಂದ.

ಏನೂ ಇಲ್ಲವಂತೆ. ವಿನ್ನಿಗೆ ಅಳು ಬಂದಿತ್ತು.

ಮೊದಲು ಬಾರಿಸೋರು ಅಂದರೆ ಎಲ್ಲರಿಗೂ ಅಷ್ಟಕ್ಕಷ್ಟೇ. ಅಮ್ಮ ಸ್ಟೇಜ್ ಹತ್ತುವಾಗ ನೆತ್ತಿ ಸುಡುವ ಬಿಸಿಲು. ಎದುರಿಗೆ ಸಾಲು ಸಾಲು ಖಾಲಿ ಸೀಟು. ಜನ ಎಲ್ಲಿ ಅಂದರೆ ಸ್ಟೇಡಿಯಂ ಹೊರಗೆ, ಪಾರ್ಕಿಂಗ್‌ನಲ್ಲಿ. ಕಾರಿನ ಹಿಂಬಾಗಿಲು ತೆರೆದು, ಗ್ರಿಲ್ ಹಚ್ಚಿ, ಬ್ರಾಟ್ ಸಾಸೇಜು ಸುಡುತ್ತಾ ಹರಟೆ. ಬೇರೆ ಊರಿನ ಮಾತು ಬಿಡಿ, ಇದು ನಮ್ಮದೇ ಊರು ಮಿಲ್ವಾಕಿ. ಬ್ರಾಟ್ ಬಿಟ್ಟು ಏಳುತ್ತಾರಾ ಇಲ್ಲಿನ ಜನ? ವಿನ್ನಿಯ ಸ್ವಂತ ಅಜ್ಜಿ, ಬೂಶಾ, ಅವಳೇ ಏಳೋದಿಲ್ಲ. "ಬಂದೇ ಬರ್ತೀನಿ ಕಣೇ, ಇದೊಂದು ಸಲದ್ದು ಬೆಂದ್ಕೊಳ್ಳಲಿ" ಅಂತಾಳೆ. ಅದು ಬೇಯುವ ಹೊತ್ತಿಗೆ ಮಗಳ ಹಾಡು ಮುಗಿದಿರುತ್ತದೆ.

ಕ್ಲಾಸಿನ ಕೋಲ್ಬಿ ರಜೆಗೆ ಮುಂಚೆಯೇ ಚುಚ್ಚಿದ್ದ. "ಟಿಕೆಟ್ ನಮ್ಮ ಹತ್ರಾನೂ ಇದೆ. ಆದ್ರೆ ನಿಮ್ಮಮ್ಮ ಬಾರಿಸೋವಾಗ ನಾವು ಪಾರ್ಕಿಂಗ್‌ನಲ್ಲಿ ತಿಂತಾ ಇರ್ತೀವಿ. ನಿಮ್ಮಮ್ಮ ಕುರ್ಚಿಗಳಿಗೆ ಬಾರಿಸ್ತಾರಂತೆ, ಹೌದಾ?"

ಮಂಗಳವಾರ ಸ್ಕೂಲ್ ಶುರು. ಕೋಲ್ಬಿ ಮುಖ ನೋಡಬೇಕು. ಅದಕ್ಕೇ ಯಾರ ಮೇಲಾದರೂ ಆ ಕೋಪ ತೀರಿಸಿಕೊಳ್ಳಬೇಕಿತ್ತು. ಸಿಕ್ಕಿದವನು ರೋರ್ಕ್.

ಮಧ್ಯಾಹ್ನ ಅಮ್ಮ ಮತ್ತು ಬ್ಯಾಂಡಿನವರು ಸ್ಟೇಜಿನ ಮೆಟ್ಟಿಲ ಹತ್ತಿರ ಬಂದು ನಿಂತರು. ಅಮ್ಮ ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಳು.

"ನನ್ನ ಪೌಡರ್ ಡಬ್ಬಿ ನೋಡಿದ್ಯಾ ವಿನ್ನಿ? ಕೈ ಬೆವರ್ತಿದೆ, ಕೋಲು ಜಾರತ್ತೆ."

"ಇಲ್ಲ" ಅಂದಳು ವಿನ್ನಿ. ಡಬ್ಬಿ ಅವಳ ಬ್ಯಾಗಿನಲ್ಲೇ ಇತ್ತು.

ಅಮ್ಮ ಮೆಟ್ಟಿಲ ಮೇಲೆ ಕಾಲಿಡಬೇಕು, ಒಡೆಟ್ ಅಡ್ಡ ನಿಂತಳು. "ನೀವಲ್ಲ."

"ನಾವಲ್ಲ ಅಂದ್ರೆ? ಇದು ನಮ್ಮ ಹೊತ್ತು."

"ನಿಮ್ಮ ಹೆಸರು ತೆಗೆದಾಯ್ತು ಗೇಲ್. ಈಗ ನೀವು ಬಾರಿಸೋ ಹಾಗಿಲ್ಲ."

ಅಮ್ಮನ ಮುಖ ಬಿಳಿಚಿಕೊಂಡಿತು. ಗಿಟಾರ್ ಹಿಡಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ವಂತ ಊರಿನಲ್ಲಿ, ಅದೂ ಟೂರಿನ ಕೊನೇ ದಿನ, ಹೀಗೆ ತೆಗೆದುಹಾಕುತ್ತಾರಾ? ವಿನ್ನಿ ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಹಿಂದಿನಿಂದ ಯಾರೋ ಕಿಸಕ್ ಅಂತ ನಕ್ಕರು. ನೋಡಿದರೆ ರೋರ್ಕ್. ಅವನ ಹಿಂದೆ ಬ್ಲೂ ಡೈನಮೊದವರೆಲ್ಲ ಬಿಸಿಲಿಗೆ ಟೋಪಿ ಹಾಕಿಕೊಂಡು ನಿಂತಿದ್ದರು.

"ಸ್ವಲ್ಪ ಪಕ್ಕಕ್ಕೆ ಬನ್ನಿ ಮಿಟನ್ಸ್" ಅಂದ ರೋರ್ಕ್. "ಈ ಬಿಸಿಲಲ್ಲಿ ನಾವು ಬಾರಿಸ್ತೀವಿ. ಸಾಯಂಕಾಲ ನಮ್ಮ ಹೊತ್ತಿಗೆ ನೀವು ಬಾರಿಸಿ. ನಿಮ್ಮೂರು ತಾನೇ? ನಿಮ್ಮ ಜನ ನೋಡ್ಲಿ. ಹೇಗಿದೆ ನಮ್ಮ ಪ್ರ್ಯಾಂಕು?"

ಅಮ್ಮ ಅವನ ತೋಳಿಗೆ ಒಂದು ಗುದ್ದು ಕೊಟ್ಟು, "ಪ್ರಾಣ ಹೋಗಿತ್ತು ಕಣೋ ನನ್ನದು" ಅಂತ ಅತ್ತೇಬಿಟ್ಟಳು. ಅಳುತ್ತಾ ನಕ್ಕಳು.

ವಿನ್ನಿಗೆ ಕುಣಿಯುವಷ್ಟು ಖುಷಿ. ಸಾಯಂಕಾಲ ಅಂದರೆ ಸ್ಟೇಡಿಯಂ ಭರ್ತಿ. ಬೂಶಾ ಇರುತ್ತಾಳೆ, ಕೋಲ್ಬಿ ಇರುತ್ತಾನೆ.

ಅಷ್ಟರಲ್ಲಿ ಕೆಲಸದವರು ಮೊದಲನೇ ಕಟ್ಟೆಯನ್ನು ತಳ್ಳಿಕೊಂಡು ಬಂದು ಕರಿಬಟ್ಟೆ ಎಳೆದರು. ಒಳಗಿದ್ದದ್ದು ನೀಲಿ ಡ್ರಮ್ಮು. ರೋರ್ಕ್‌ನ ಡ್ರಮ್ಮು.

ಬೆಳಿಗ್ಗೆ ವಿನ್ನಿ ನುಸುಳುವ ಮುಂಚೆಯೇ ಸಾಲನ್ನು ಬದಲಾಯಿಸಿಬಿಟ್ಟಿದ್ದಾರೆ. ಹಾಗಾದರೆ ಮೂರನೇದು ಯಾರದು? ಅಮ್ಮನದು.

ಊರಿನವರೆಲ್ಲ ಮೊದಲ ಸಲ ಅಮ್ಮನನ್ನು ನೋಡುವಾಗ ಮುಖದ ತುಂಬ ಪೌಡರು. ಕಣ್ಣಿಗೆ ಹೋಗಬಹುದು. ಹಾಡೇ ನಿಂತುಹೋಗಬಹುದು. ಜನ ನಗುತ್ತಾರೆ, ಕೋಲ್ಬಿ ವರ್ಷ ಪೂರ್ತಿ ನಗುತ್ತಾನೆ. ಮಾಡಿದವಳು ಯಾರು? ಮಗಳು.

ಅವಳು ಸ್ಟೇಜಿನ ಹಿಂದಕ್ಕೆ ಓಡಿದಳು. ಮೂರನೇ ಕಟ್ಟೆಯ ಮುಂದೆ ಒಡೆಟ್ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬೆಳಿಗ್ಗೆ ಇಲ್ಲಿ ಯಾರೋ ಸೀನಿದ್ರು" ಅಂದಳು ಒಡೆಟ್. "ಇನ್ನು ಯಾರೂ ಹತ್ತಿರ ಬರೋ ಹಾಗಿಲ್ಲ. ನೀನೂ ಅಷ್ಟೇ."

ಸ್ಟೇಜಿನ ಮೇಲೆ ಬ್ಲೂ ಡೈನಮೊ ಬಾರಿಸತೊಡಗಿತು. ವಿನ್ನಿ ಪರದೆಯ ಸಂದಿಯಿಂದ ನೋಡಿದಳು. ಎದುರಿಗೆ ಖಾಲಿ ಸೀಟು. ಎಲ್ಲೋ ಒಂದಿಬ್ಬರು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಪಾರ್ಕಿಂಗ್ ಕಡೆಯಿಂದ ಹೊಗೆ ಬರುತ್ತಿತ್ತು. ರೋರ್ಕ್ ಮಾತ್ರ ಸ್ಟೇಡಿಯಂ ತುಂಬಿದೆಯೇನೋ ಅನ್ನುವ ಹಾಗೆ ಎದ್ದೆದ್ದು ಬಾರಿಸುತ್ತಿದ್ದ. ಅಮ್ಮ ಬಾರಿಸುತ್ತಿದ್ದದ್ದೂ ಹಾಗೆಯೇ. ವಿನ್ನಿಗೆ ಅವನನ್ನು ನೋಡೋಕೆ ನಾಚಿಕೆಯಾಯಿತು.

ಅಮ್ಮನಿಗೆ ಹೇಳಲೇ? ಅಮ್ಮ ಮೂಲೆಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ಕೆಡಿಸೋಕೆ ವಿನ್ನಿಗೆ ಧೈರ್ಯ ಬರಲಿಲ್ಲ. ಇನ್ನು ಹೇಳಬೇಕಾಗಿದ್ದು ಒಬ್ಬನಿಗೇ.

ರೋರ್ಕ್ ಬೆವರಿನಲ್ಲಿ ತೊಯ್ದು ಇಳಿದು ಬಂದ. ವಿನ್ನಿ ಅವನ ಎದುರು ಹೋಗಿ ನಿಂತು ಬ್ಯಾಗಿನಿಂದ ಡಬ್ಬಿ ತೆಗೆದು ತೋರಿಸಿದಳು.

"ಏನಿದು ಪುಟ್ಟಿ?"

"ನಿನ್ನ ಡ್ರಮ್ ಮೇಲೆ ಹಾಕಿದ್ದೆ. ಅದು ನಿನ್ನದಲ್ಲ, ಅಮ್ಮಂದು. ನೀನು ನಮಗೆ ಏನೂ ಇಲ್ಲ ಅಂದ್ಯಲ್ಲ. ಅದಕ್ಕೇ ಹಾಕಿದೆ. ನೀವು ಜಾಗ ಬಿಟ್ಟುಕೊಡ್ತೀರಿ ಅಂತ ನಂಗೇನು ಗೊತ್ತಿತ್ತು?"

ಬೈತಾನೆ ಅಂದುಕೊಂಡಳು ವಿನ್ನಿ.

"ನನಗೆ ಅಂತಲೇ ಹಾಕಿದ್ದಾ?" ಅಂದ ಅವನು. "ಛೆ. ಬೆಳಿಗ್ಗೆಯಿಂದ ಕಾಯ್ತಿದ್ದೆ, ನನಗೆ ಯಾರೂ ಏನೂ ಮಾಡಲೇ ಇಲ್ಲ. ಮಾಡಿದ್ದು ಒಬ್ಬಳು, ಅದೂ ತಪ್ಪಿಹೋಯ್ತಲ್ಲೇ."

"ನಿನಗೂ ಯಾರೂ ಮಾಡಲಿಲ್ವಾ?"

"ನನ್ನ ಉದ್ದ ನೋಡಿ ಹೆದರ್ತಾರೆ. ಬಾ, ಒರೆಸೋಣ."

ಇಬ್ಬರೂ ಒಡೆಟ್ ಮುಂದೆ ಹೋಗಿ ನಿಂತರು. ರೋರ್ಕ್ ಅವಳ ಕಿವಿಯಲ್ಲಿ ಏನೋ ಹೇಳಿದ. ಒಡೆಟ್ ವಿನ್ನಿಯನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ಆ ಕಡೆ ತಿರುಗಿಸಿ ಕೂತಳು. ಬೆನ್ನಿನ ಕಣ್ಣನ್ನೂ ಆವತ್ತು ಮುಚ್ಚಿಕೊಂಡಿರಬೇಕು.

ಕರಿಬಟ್ಟೆಯ ಕೆಳಗೆ ಇಬ್ಬರೂ ಮೊಣಕಾಲೂರಿ ಒರೆಸಿದರು. ವಿನ್ನಿ ತನ್ನ ಟವೆಲಿನಲ್ಲಿ, ರೋರ್ಕ್ ತನ್ನ ಟೋಪಿಯಲ್ಲಿ. ಅವನೂ ಸೀನಿದ. ವಿನ್ನಿಗೆ ನಗು ತಡೆಯಲಾಗಲಿಲ್ಲ.

"ಅಮ್ಮನಿಗೆ ಹೇಳಬೇಕಲ್ವಾ?" ಅಂತ ಕೇಳಿದಳು.

"ನೀನೇ ಹೇಳು. ಆದ್ರೆ ಬಾರಿಸಿ ಮುಗಿಸಲಿ, ಆಮೇಲೆ. ಆ ಡಬ್ಬಿ ಕೊಡಿಲ್ಲಿ, ನಿನ್ನ ಹತ್ರ ಇದ್ರೆ ಅಪಾಯ." ಅವನು ಅದನ್ನು ಜೇಬಿಗೆ ಹಾಕಿಕೊಂಡ.

ಹೊತ್ತು ಇಳಿಯಿತು. ಸ್ಟೇಡಿಯಂ ತುಂಬಿತು. "ಮಿಲ್ವಾಕಿ, ನಿಮ್ಮ ಊರಿನ ವೆಟ್ ಮಿಟನ್ಸ್" ಅಂತ ಮೈಕಿನಲ್ಲಿ ಕೂಗಿದಾಗ ಎದ್ದ ಗದ್ದಲಕ್ಕೆ ಸ್ಟೇಜಿನ ಹಲಗೆ ಅದುರಿತು. ವಿನ್ನಿ ಪಕ್ಕದಲ್ಲಿ ನಿಂತು ನೋಡಿದಳು. ಮುಂದಿನ ಸಾಲಿನಲ್ಲಿ ಬೂಶಾ ಸಾಸೇಜು ತಿರುಗಿಸುವ ಇಕ್ಕಳ ಕೈಯಲ್ಲಿ ಹಿಡಿದುಕೊಂಡೇ ಸೀಟಿನ ಮೇಲೆ ಹತ್ತಿ ನಿಂತಿದ್ದಳು. ಅದನ್ನು ಗೇಟಿನಲ್ಲಿ ಹೇಗೆ ಒಳಗೆ ಬಿಟ್ಟರೋ ದೇವರೇ ಬಲ್ಲ.

ಅಮ್ಮ ಬಾರಿಸಿದಳು. ಪೌಡರ್ ಏಳಲಿಲ್ಲ. ಒಂದು ಹಾಡು, ಇನ್ನೊಂದು, ಮತ್ತೊಂದು. ಜನ ಜೊತೆಗೆ ಚಪ್ಪಾಳೆ ತಟ್ಟಿದರು. ವಿನ್ನಿಯ ಎದೆ ಹಗುರಾಯಿತು.

ಕೊನೇ ಹಾಡಿಗೆ ಮುಂಚೆ ರೋರ್ಕ್ ಬೆನ್ನು ಬಗ್ಗಿಸಿಕೊಂಡು ಡ್ರಮ್ಮಿನ ಹತ್ತಿರ ಓಡಿದ. ಅಮ್ಮನ ಕೈಗೆ ನೀರಿನ ಬಾಟಲಿ ಕೊಟ್ಟ. ಅವಳು ತಲೆಯೆತ್ತಿ ನೀರು ಕುಡಿಯುತ್ತಿದ್ದಾಗ ಪಕ್ಕದಲ್ಲಿ ಒಂದು ನಿಮಿಷ ಏನೋ ಮಾಡಿದ. ಮತ್ತೆ ಓಡಿ ಬಂದು ವಿನ್ನಿ ಪಕ್ಕ ನಿಂತ. ಕೈ ಕಟ್ಟಿಕೊಂಡು ಆಕಾಶ ನೋಡತೊಡಗಿದ.

"ಏನ್ ಮಾಡ್ದೆ?" ವಿನ್ನಿ ಕೇಳಿದಳು.

"ನೀರು ಕೊಟ್ಟೆ."

ಕೊನೇ ಹಾಡು ಶುರುವಾಗುವುದೇ ಆ ದೊಡ್ಡ ಡ್ರಮ್ಮಿನಿಂದ. ಅಮ್ಮ ಎರಡೂ ಕೋಲು ತಲೆಯ ಮೇಲೆ ಎತ್ತಿ ಬಿಟ್ಟಳು ಒಂದು ಏಟು.

ಭಪ್ ಅಂತ ಬಿಳಿ ಮೋಡ ಎದ್ದಿತು. ಮುಳುಗುವ ಸೂರ್ಯನ ಬೆಳಕು ಬಿದ್ದು ಅದು ಕಿತ್ತಳೆ ಬಣ್ಣಕ್ಕೆ ತಿರುಗಿತು. ಇನ್ನೊಂದು ಏಟಿಗೆ ಇನ್ನೊಂದು ಮೋಡ. ಇದೂ ಆಟದ ಭಾಗ ಅಂದುಕೊಂಡು ಜನ ಹುಚ್ಚೆದ್ದು ಕೂಗಿದರು. ಅಮ್ಮ ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳ ಹಾಗೆ ಕಾಣುತ್ತಿದ್ದಳು. ಅವಳು ಕಣ್ಣು ಪಿಳುಕಿಸಿದಳು, ಸ್ಟೇಜಿನ ಪಕ್ಕಕ್ಕೆ ನೋಡಿದಳು. ಅಲ್ಲಿ ನಾಲ್ಕು ಬ್ಯಾಂಡಿನವರೂ ಕಿಕ್ಕಿರಿದು ನಿಂತು ನಗುತ್ತಿದ್ದರು. ಒಡೆಟ್ ಕೂಡ ನಗುತ್ತಿದ್ದಳು. ಅಮ್ಮ ತಾಳ ತಪ್ಪಿಸಲಿಲ್ಲ. ನಗುತ್ತಾ ನಗುತ್ತಾ ಇನ್ನೂ ಜೋರಾಗಿ ಬಾರಿಸಿದಳು.

ರೋರ್ಕ್ ಖಾಲಿ ಡಬ್ಬಿಯನ್ನು ವಿನ್ನಿಯ ಕೈಗಿಟ್ಟ. ವಿನ್ನಿ ಅದನ್ನು ನೋಡಿದಳು, ಅವನನ್ನು ನೋಡಿದಳು.

ಹಾಡು ಮುಗಿಸಿ ಅಮ್ಮ ಇಳಿದು ಬಂದಳು. ಹುಬ್ಬೂ ಬಿಳಿ, ರೆಪ್ಪೆಯೂ ಬಿಳಿ. ವಿನ್ನಿಯ ಕೈಯಲ್ಲಿದ್ದ ಡಬ್ಬಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಇದು ನನ್ನ ಡಬ್ಬಿ. ಯಾರು ಮಾಡಿದ್ದು?"

"ಬೆಳಿಗ್ಗೆ ನಾನು ಮಾಡಿದ್ದೆ ಅಮ್ಮಾ, ಎಲ್ಲಾ ಹೇಳ್ತೀನಿ" ಅಂದಳು ವಿನ್ನಿ. "ಆದ್ರೆ ಇದು ನಾನಲ್ಲ."

"ಮತ್ತೆ ಯಾರು?"

ಹಿಂದೆ ರೋರ್ಕ್ ಇನ್ನೂ ಆಕಾಶ ನೋಡುತ್ತಿದ್ದ. ಅವನ ಟೋಪಿ ತುಂಬ ಪೌಡರು. ವಿನ್ನಿ ಅಮ್ಮನ ಬೆಳ್ಳಗಿನ ಕೈ ಹಿಡಿದುಕೊಂಡಳು.

"ನಮ್ಮೋರೇ" ಅಂದಳು.