ವಾಲ್ವ್ ರೇಡಿಯೋದ ಶನಿವಾರಗಳು

"ಸತ್ತ ರೇಡಿಯೋ ಮಾರೀರಲ್ರೀ ಮೇಸ್ತ್ರಿ!"

ರಾಯಚೂರಿನ ರಿಪೇರಿ ಅಂಗಡಿಯ ಮೇಜಿನ ಮೇಲೆ ಶೇಖಮ್ಮ ಹಳೆಯ ವಾಲ್ವ್ ಸೆಟ್ಟನ್ನು ಕುಕ್ಕಿದಳು. ದೇವದುರ್ಗದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಅವಳು. ಪಾಠಕ್ಕೆಂದು ಒಯ್ದಿದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸ್ ತಂದಿದ್ದಳು.

ಮೇಸ್ತ್ರಿ ಮೌನಪ್ಪ ಸ್ವಿಚ್ ಹಾಕಿದ. ಸದ್ದಿಲ್ಲ. "ನೋಡ್ರಿ!" ಎಂದು ಅವಳು ಆರಿಸಲು ಕೈಚಾಚಿದಳು.

"ತಡೀರಿ ಟೀಚರ್ರ. ಟ್ರಾನ್ಸಿಸ್ಟರ್ ಅಲ್ರಿ ಇದು. ಮೊದಲು ಬಿಸಿ ಆಗಬೇಕು."

ಇಬ್ಬರೂ ಬಾಗಿ ಕಾದರು. ವಾಲ್ವಿನ ಗಾಜಿನೊಳಗಿನ ತಂತಿ ನಿಧಾನಕ್ಕೆ ಕೆಂಪಾಯಿತು. ಗುಲ್ಬರ್ಗಾ ಸ್ಟೇಷನ್ ಮಾತಾಡಿತು. ಶಾಲೆಯಲ್ಲಿ ಪ್ರತಿಸಲವೂ ಹತ್ತು ಎಣಿಸುವುದರೊಳಗೆ ಆರಿಸಿಬಿಟ್ಟಿದ್ದ ಶೇಖಮ್ಮ ತುಟಿ ಕಚ್ಚಿಕೊಂಡಳು. ನಗದಿರಲು ಅವನು ಪಡುತ್ತಿದ್ದ ಪಾಡು ನೋಡಿ ಅವಳೇ ನಕ್ಕಳು. ಗಂಡ ತೀರಿಹೋಗಿ ಮೂರು ವರ್ಷ. ತನ್ನ ನಗು ಅವಳಿಗೇ ಹೊಸದೆನಿಸಿತು.

ಮುಂದಿನ ಶನಿವಾರದಿಂದ ಹುಡುಗಿಯರಿಗೆ ರೇಡಿಯೋ ತೋರಿಸಿಕೊಡಲು ಅವನೇ ಶಾಲೆಗೆ ಬರತೊಡಗಿದ. ಸೆಟ್ಟು ಬಿಚ್ಚಿ ವಾಲ್ವು, ಕಂಡೆನ್ಸರು, ಕಾಯಿಲುಗಳನ್ನು ಹಲಗೆಯ ಮೇಲೆ ಹರಡಿ ಜೋಡಿಸಿದ.

"ಈಗ ಯಾರೂ ಇದನ್ನ ಬಳಸಂಗಿಲ್ಲಲ್ರಿ ಸರ್?" ಎಂದಳು ಒಬ್ಬ ಹುಡುಗಿ.

"ಹೊಸಾದ್ರಾಗ ಒಳಗೇನು ನಡದದ ಕಾಣಂಗಿಲ್ಲವ್ವ. ಇದು ಮುಚ್ಚಿಡಂಗಿಲ್ಲ."

ಅಷ್ಟು ಹೇಳಿ ಅವನು ಯಾಕೋ ಶೇಖಮ್ಮನತ್ತ ನೋಡಿದ. ಅವಳು ಅವನ ಬೆರಳು ನೋಡುತ್ತಿದ್ದಳು. ಬೆಸುಗೆಯಲ್ಲಿ ಸುಟ್ಟು ಒರಟಾದ ಬೆರಳು, ವಾಲ್ವನ್ನು ಮಾತ್ರ ಹಕ್ಕಿಮೊಟ್ಟೆಯಂತೆ ಎತ್ತುತ್ತಿತ್ತು.

"ಯವ್ವಾ, ಎರಡು ತಿಂಗಳಿಂದ ಒಂದೇ ರೇಡಿಯೋ ರಿಪೇರಿ ಮಾಡಾಕತ್ತಾನ," ಎಂದಳು ಶಾಲೆಯ ಜವಾನಿ ಕರೆಮ್ಮ. "ಅಂಥಾದ್ದೇನು ಕೆಟ್ಟದ ಅದಕ್ಕ?"

ಒಂದು ಶನಿವಾರ ಹುಡುಗಿಯರು ಹೋದಮೇಲೆ ಮೌನಪ್ಪ ಬೆಂಚಿನ ಮೇಲೆ ಕುಳಿತೇ ಇದ್ದ.

"ಸೋಮವಾರದಿಂದ ಮಾನ್ವಿ ಕಾಲೇಜಿನ ಲ್ಯಾಬಿನ್ಯಾಗ ನೌಕರಿ. ಇನ್ನು ಬರಾಕ ಆಗಂಗಿಲ್ರಿ." ತಡೆದು ಹೇಳಿದ: "ನೀವು ಹೂಂ ಅಂದ್ರ ನಮ್ಮವ್ವ ನಿಮ್ಮ ಮನಿಗೆ ಬರ್ತಾಳ. ಉಡಿಕಿ ಕೇಳಾಕ."

ವಿಧವೆಯ ಮರುಮದುವೆ, ಉಡಿಕಿ. ಚಿಕ್ಕಮ್ಮನ ಉಡಿಕಿ ಕಂಡಿದ್ದಳು ಶೇಖಮ್ಮ: ಕತ್ತಲಲ್ಲಿ, ಕದ ಮುಚ್ಚಿ, ಕಳ್ಳತನದಂತೆ. ರಾಯಚೂರು ಬಸ್ಸಿನ ಹಾರ್ನ್ ಕೇಳಿತು. ಅವನು ಏಳಲಿಲ್ಲ.

"ಹಗಲಿನ್ಯಾಗ ಆಗಬೇಕು," ಎಂದಳು ಕೊನೆಗೆ. "ಬಾಗಿಲಾ ತಗದಿರಬೇಕು. ನನ್ನ ಹುಡುಗ್ಯಾರೆಲ್ಲ ಬರ್ತಾರ."

"ಎಷ್ಟು ಮಂದಿರೀ?"

"ನಲವತ್ತೆರಡು."

"ನಲವತ್ಮೂರು!" ಎಂದಳು ಬಾಗಿಲ ಹಿಂದಿನಿಂದ ಕರೆಮ್ಮ.